ಕಮಾನು, ಟೈಲ್ಸು ಮತ್ತು ವಾಚರನ ಸಂಬಳ

2021ರ ಆರಂಭದಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ಬದಿಯ ತುರಹಳ್ಳಿ ಕಿರು ಅರಣ್ಯದಲ್ಲಿ ಟ್ರೀ ಪಾರ್ಕ್ ಮಾಡಲು ಅರಣ್ಯ ಇಲಾಖೆ ಹೊರಟಿತ್ತು. ಜನರ ವಿಹಾರಕ್ಕೆ ಅನುಕೂಲ ಮಾಡಿಕೊಡುತ್ತೇವೆ ಎಂದು ಸರ್ಕಾರ ಹೇಳಿದರೆ, ಆ ಜನರೇ ಗುಂಪುಗೂಡಿ ಬಂದು ನಿಮ್ಮ ಅನುಕೂಲ ನಮಗೆ ಬೇಡ ಎಂದರು. ಬಂದವರಲ್ಲಿ ದಿನಾ ಬೆಳಿಗ್ಗೆ ಅಲ್ಲಿ ಓಡುವವರಿದ್ದರು, ಮಣ್ಣುದಾರಿಯಲ್ಲಿ ಸೈಕಲ್ ತುಳಿಯುವವರಿದ್ದರು, ಬಂಡೆ ಹತ್ತಿ ಕಲಿಯುವವರಿದ್ದರು, ಹಕ್ಕಿ ನೋಡುವವರಿದ್ದರು. ಯಾರ ಹೆಸರಿನಲ್ಲಿ ಯೋಜನೆ ತಯಾರಾಗಿತ್ತೋ ಅವರೇ ಅದಕ್ಕೆ ಅಡ್ಡ ನಿಂತರು. ಸುಮಾರು 600 ಎಕರೆಯ ಆ ಕುರುಚಲು ಕಾಡಿನ ಯೋಜನೆಯನ್ನು ಆಗಿನ ಅರಣ್ಯ ಸಚಿವ ಅರವಿಂದ ಲಿಂಬಾವಳಿ ಕೆಲವೇ ವಾರಗಳಲ್ಲಿ ಕೈಬಿಟ್ಟರು.

ಪರಿಸರ ಗೆದ್ದಿತು, ಅಭಿವೃದ್ಧಿ ಸೋತಿತು ಎಂದು ಆಗ ಬರೆದವರುಂಟು. ನನಗೆ ಆ ಓದು ಒಪ್ಪಿಗೆಯಿಲ್ಲ. ತುರಹಳ್ಳಿಯಲ್ಲಿ ಎದುರುಬದುರಾದದ್ದು ಎರಡು ಬಗೆಯ ವಿಹಾರ. ಒಂದು ಆಗಲೇ ಅಲ್ಲಿ ನಡೆಯುತ್ತಿತ್ತು. ಅದಕ್ಕೆ ಕಾಲುದಾರಿ ಸಾಕಾಗಿತ್ತು. ಇನ್ನೊಂದು ಇಲಾಖೆಯ ನಕ್ಷೆಯಲ್ಲಿತ್ತು. ಅದಕ್ಕೆ ಕಟ್ಟಬೇಕಾದದ್ದು ಬಹಳವಿತ್ತು. ಕಾಡಿನಲ್ಲಿ ಜನ ಸಂತೋಷಪಡಬೇಕಾದರೆ ಮೊದಲು ಅಲ್ಲಿ ಏನಾದರೂ ನಿರ್ಮಾಣವಾಗಬೇಕು ಎಂಬ ನಂಬಿಕೆ ನಮ್ಮ ಆಡಳಿತದಲ್ಲಿ ಎಷ್ಟು ಆಳಕ್ಕಿಳಿದಿದೆಯೆಂದರೆ, ಏನನ್ನೂ ಕಟ್ಟದೆ ಹಣ ಖರ್ಚು ಮಾಡುವ ದಾರಿಯೊಂದು ಇದೆ ಎಂಬುದೇ ಅದಕ್ಕೆ ತೋಚುವುದಿಲ್ಲ.

ಹಾಗಂತ ಸರ್ಕಾರ ಸುಮ್ಮನಿರಲಿ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಸರ್ಕಾರಿ ಕಾಡಿನಲ್ಲಿ ಜನರ ಓಡಾಟಕ್ಕೆ, ಬಿಡುವಿಗೆ, ಪ್ರವಾಸಕ್ಕೆ ಸಾರ್ವಜನಿಕ ಹಣ ಬರಬೇಕು. ಈಗ ಬರುತ್ತಿರುವುದಕ್ಕಿಂತ ಹೆಚ್ಚೇ ಬರಬೇಕು. ನನ್ನ ತಕರಾರು ಆ ಹಣ ಯಾವ ರೂಪದಲ್ಲಿ, ಯಾವ ಜಾಗಕ್ಕೆ ಹೋಗಬೇಕು ಎಂಬುದರ ಮೇಲೆ. ರೂಪ ಸಂಬಳದ್ದಾಗಿರಬೇಕು, ಜಾಗ ಊರಿಗೆ ಹತ್ತಿರದ್ದಾಗಿರಬೇಕು. ನಮ್ಮಲ್ಲಿ ಈ ಎರಡೂ ತಿರುಗುಮುರುಗಾಗಿವೆ.

ಬಯಲುಸೀಮೆಯ ಯಾವುದಾದರೊಂದು ತಾಲ್ಲೂಕು ಕೇಂದ್ರದ ಟ್ರೀ ಪಾರ್ಕನ್ನೇ ನೋಡಿ. ಮುಖ್ಯರಸ್ತೆಗೆ ಮುಖಮಾಡಿದ ದೊಡ್ಡ ಕಮಾನು. ಒಳಗೆ ಬಣ್ಣದ ಇಂಟರ್‌ಲಾಕ್ ಟೈಲ್ಸಿನ ದಾರಿ, ಸಿಮೆಂಟಿನ ಜಿಂಕೆ, ಸಿಮೆಂಟಿನ ಹುಲಿ, ಮರದ ಕಾಂಡದಂತೆ ಕಾಣಿಸಲು ಕಂದುಬಣ್ಣ ಬಳಿದ ಸಿಮೆಂಟಿನ ಬೆಂಚು. ಉದ್ಘಾಟನೆಯಾದ ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಜೋಕಾಲಿಯ ಸರಪಳಿ ಕಿತ್ತಿರುತ್ತದೆ, ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ, ನೆಟ್ಟ ಸಸಿಗಳಲ್ಲಿ ಬದುಕಿದವು ದಾರಿಯ ಬದಿಯವು ಮಾತ್ರ. ಎಲ್ಲ ಕಡೆಯೂ ಹೀಗೆಯೇ ಎನ್ನಲಾರೆ. ಚೆನ್ನಾಗಿ ಇಟ್ಟುಕೊಂಡಿರುವ ಪಾರ್ಕುಗಳೂ ಇವೆ. ಅಲ್ಲಿ ಹೋಗಿ ವಿಚಾರಿಸಿದರೆ ಒಬ್ಬ ಆಸಕ್ತ ವಲಯ ಅರಣ್ಯಾಧಿಕಾರಿಯ ಹೆಸರೋ, ಕೆಲಸ ಬಿಡದೆ ಹತ್ತು ವರ್ಷದಿಂದ ಅಲ್ಲೇ ಇರುವ ಒಬ್ಬ ವಾಚರನ ಹೆಸರೋ ಕಿವಿಗೆ ಬೀಳುತ್ತದೆ. ಕಮಾನು ಕಟ್ಟಿದ ಗುತ್ತಿಗೆದಾರನನ್ನು ಯಾರೂ ನೆನೆಯುವುದಿಲ್ಲ.

ಈ ಪಾರ್ಕುಗಳಲ್ಲಿ ಹಲವಕ್ಕೆ ಸಾಲುಮರದ ತಿಮ್ಮಕ್ಕನವರ ಹೆಸರಿಟ್ಟಿದ್ದಾರೆ. 2025ರ ನವೆಂಬರಿನಲ್ಲಿ ತೀರಿಕೊಂಡ ಆ ಹಿರಿಯ ಜೀವ ಮಾಡಿದ್ದೇನು ಎಂದು ಇಲಾಖೆ ಒಮ್ಮೆ ಯೋಚಿಸಿದ್ದರೆ ಚೆನ್ನಾಗಿತ್ತು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಗಂಡ ಚಿಕ್ಕಯ್ಯನವರ ಜೊತೆ ಸೇರಿ ಅವರು ಬೆಳೆಸಿದ ಆಲದ ಮರಗಳ ಲೆಕ್ಕ 385 ಎಂದು ದಾಖಲಾಗಿದೆ. ನೆಡುವುದು ಒಂದು ದಿನದ ಕೆಲಸ. ಉಳಿದ ವರ್ಷಗಳೆಲ್ಲ ಹೋದದ್ದು ಕೊಡದಲ್ಲಿ ನೀರು ಹೊತ್ತು ಹಾಕುವುದರಲ್ಲಿ, ದನ ಮೇಯದಂತೆ ಮುಳ್ಳು ಕಟ್ಟುವುದರಲ್ಲಿ. ಅವರು ಹಾಕಿದ ಬಂಡವಾಳ ಹೆಚ್ಚುಕಡಿಮೆ ಪೂರ್ತಿ ಉಸ್ತುವಾರಿಯದೇ. ಆ ಮರಗಳ ನೆರಳಿಗೆ ಗೇಟಿಲ್ಲ, ಟಿಕೆಟ್ಟಿಲ್ಲ. ಅಂಥವರ ಹೆಸರನ್ನು ಕಾಂಕ್ರೀಟಿನ ಕಮಾನಿನ ಮೇಲೆ ಬರೆಸಿ ಕೆಳಗೆ ನೀರು ಹಾಕುವವನ ಹುದ್ದೆಯನ್ನು ಹೊರಗುತ್ತಿಗೆಗೆ ಬಿಡುವ ವಿದ್ಯೆ ನಮ್ಮ ಆಡಳಿತಕ್ಕೆ ಸಿದ್ಧಿಸಿದೆ.

ಹೀಗೇಕಾಗುತ್ತದೆ ಎಂದರೆ ಭ್ರಷ್ಟಾಚಾರ ಎಂಬ ಉತ್ತರ ಕೂಡಲೇ ಬರುತ್ತದೆ. ಕಾಮಗಾರಿ ಇದ್ದರೆ ಟೆಂಡರ್, ಟೆಂಡರ್ ಇದ್ದರೆ ಪಾಲು ಎಂಬುದು ಹಳ್ಳಿಕಟ್ಟೆಯ ಮೇಲೆ ಕೂತವರಿಗೂ ಗೊತ್ತಿರುವ ವಿಷಯ. ಆದರೆ ಪಾಲು ಕೇಳದ ಪ್ರಾಮಾಣಿಕ ಅಧಿಕಾರಿಯ ಕೈಯಲ್ಲೂ ಹಣ ಸಿಮೆಂಟಿನ ಕಡೆಗೇ ಹರಿಯುತ್ತದೆ. ಅದಕ್ಕೆ ಕಾರಣ ಲೆಕ್ಕಪತ್ರದೊಳಗಿದೆ. ಸರ್ಕಾರದ ಖರ್ಚಿನಲ್ಲಿ ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಎಂದು ಎರಡು ಭಾಗ. ಕಟ್ಟಡ, ರಸ್ತೆ, ಗೋಪುರ ಮೊದಲನೆಯದು. ಸಂಬಳ, ಕೂಲಿ, ದುರಸ್ತಿ ಎರಡನೆಯದು. ದೇಶದಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ನಮ್ಮದು, 2002ರಲ್ಲಿ. ರಾಜಸ್ವ ಕೊರತೆ ಇರಕೂಡದು ಎಂಬುದು ಅದರ ಒಂದು ಮುಖ್ಯ ಗುರಿ. ಸಾಲ ಮಾಡಿ ಸಂಬಳ ಕೊಡಬಾರದು ಎಂಬ ಆ ಶಿಸ್ತು ಒಟ್ಟಾರೆ ಸರಿಯಾದದ್ದೇ. ಆದರೆ ಅದನ್ನು ಕಾಡಿಗೆ ತಂದು ಅನ್ವಯಿಸಿದಾಗ ಲೆಕ್ಕ ವಿಚಿತ್ರವಾಗುತ್ತದೆ. ಸಿಮೆಂಟಿನ ಜಿಂಕೆ ಪುಸ್ತಕದಲ್ಲಿ ಆಸ್ತಿ. ಬೆಂಕಿರೇಖೆ ಕಡಿದು, ಲಂಟಾನ ಕಿತ್ತು, ರಾತ್ರಿ ಗಸ್ತು ತಿರುಗಿ ನಿಜವಾದ ಜಿಂಕೆಯನ್ನು ಉಳಿಸುವ ವಾಚರ ಹೊರೆ. ಖಾಯಂ ಹುದ್ದೆ ಕೇಳಿದರೆ ಹಣಕಾಸು ಇಲಾಖೆಯಿಂದ ಕಡತ ಹಿಂದೆ ಬರುತ್ತದೆ. ವೀಕ್ಷಣಾ ಗೋಪುರ ಕೇಳಿದರೆ ಮಂಜೂರಾಗುತ್ತದೆ.

ಇದರ ಜೊತೆಗೆ ಮಾರ್ಚ್ ತಿಂಗಳ ಕಾಟ. ಆರ್ಥಿಕ ವರ್ಷ ಮುಗಿಯುವುದರೊಳಗೆ ಅನುದಾನ ಖರ್ಚಾಗಿ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಬೇಕು. ದಕ್ಷಿಣದ ಎಲೆ ಉದುರುವ ಕಾಡುಗಳಲ್ಲಿ ಬೆಂಕಿಯ ಅಪಾಯ ತುದಿಗೇರುವುದೂ ಫೆಬ್ರವರಿ, ಮಾರ್ಚಿನಲ್ಲೇ; 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಬೂದಿಯಾಯಿತು. ಕಾಡಿನಲ್ಲಿ ಜನ ಅತಿ ಹೆಚ್ಚು ಬೇಕಾದ ಆ ವಾರಗಳಲ್ಲೇ ಕಚೇರಿ ಬಿಲ್ಲುಗಳ ರಾಶಿಯಲ್ಲಿ ಮುಳುಗಿರುತ್ತದೆ.

ಕಾಡಿನ ಪಾರ್ಕುಗಳಿಗೆ ಒಂದು ಸರ್ಕಾರ ಹಣ ಸುರಿದ ದೊಡ್ಡ ಉದಾಹರಣೆಯನ್ನು ಹುಡುಕಿದರೆ ಸಿಗುವುದು ಅಮೆರಿಕದ 1930ರ ದಶಕ. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಯುವಕರಿಗಾಗಿ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆ ಕಟ್ಟಿದರು. 1942ರವರೆಗೆ ನಡೆದ ಅದರಲ್ಲಿ ಸುಮಾರು 30 ಲಕ್ಷ ಮಂದಿ ದುಡಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಬಹುಪಾಲು, 25 ಡಾಲರ್, ನೇರವಾಗಿ ಅವರ ಮನೆಗೆ. ಇವತ್ತು ಆ ದೇಶದ ರಾಜ್ಯಗಳ ಪಾರ್ಕುಗಳಲ್ಲಿ ಜನ ನಡೆಯುವ ದಾರಿಗಳು, ತಂಗುವ ಸಣ್ಣ ಮನೆಗಳು, ಕಲ್ಲಿನ ಮೆಟ್ಟಿಲುಗಳಲ್ಲಿ ಬಹಳಷ್ಟು ಆ ಹುಡುಗರ ಕೈಕೆಲಸ. ಅವರು ಕಟ್ಟಲೇ ಇಲ್ಲ ಎಂದಲ್ಲ. ಕಟ್ಟಿದ್ದು ಅಲ್ಲಿಯದೇ ಕಲ್ಲು, ಅಲ್ಲಿಯದೇ ಮರದಿಂದ, ಕೈಯಿಂದ. ಯೋಜನೆಯ ಮೊದಲ ಉದ್ದೇಶವೇ ಕೂಲಿ. ಪಾರ್ಕು ಆ ಕೂಲಿಯ ಫಲ. ಆ ಪಡೆಯ ಶಿಬಿರಗಳಲ್ಲಿ ಕರಿಯರನ್ನು ಬೇರೆ ಇಡುತ್ತಿದ್ದರು, ಹೆಂಗಸರಿಗೆ ಅದರಲ್ಲಿ ಜಾಗವೇ ಇರಲಿಲ್ಲ ಎಂಬುದನ್ನು ಮರೆತು ಹೊಗಳುವುದು ಸರಿಯಲ್ಲ. ಆದರೆ ಹಣ ಹರಿದ ದಿಕ್ಕು ಮಾತ್ರ ಕಲಿಯುವಂಥದ್ದು.

ನಮ್ಮಲ್ಲೂ ಇದಕ್ಕೆ ದಾರಿಯಿಲ್ಲವೆಂದೇನಲ್ಲ. ಉದ್ಯೋಗ ಖಾತ್ರಿಯಡಿ ಇಂಗುಗುಂಡಿ ತೋಡಿದ್ದಾರೆ, ನರ್ಸರಿ ಬೆಳೆಸಿದ್ದಾರೆ, ಕೆರೆ ಹೂಳೆತ್ತಿದ್ದಾರೆ. ಕಾಡಂಚಿನ ಊರಿನ ಹತ್ತು ಜನರಿಗೆ ವರ್ಷವಿಡೀ ಕಾಲುದಾರಿಯ ಉಸ್ತುವಾರಿ, ಕಸ ಎತ್ತುವುದು, ಕಳೆ ಕೀಳುವುದು, ಬಂದವರಿಗೆ ಮರ ಪರಿಚಯಿಸುವುದು ಎಂದು ಕೆಲಸ ಕೊಟ್ಟರೆ ಆಗುವ ಖರ್ಚು, ಒಂದು ಕಮಾನಿನ ಖರ್ಚಿಗೆ ಹೋಲಿಸಿದರೆ ಹೆದರುವಂಥದ್ದಲ್ಲ. ಹೆದರಿಕೆ ಇರುವುದು ಮೊತ್ತದ ಬಗ್ಗೆಯಲ್ಲ, ಆ ಖರ್ಚು ಪ್ರತಿವರ್ಷ ಬರುತ್ತದಲ್ಲ ಎಂಬುದರ ಬಗ್ಗೆ.

ಈಗ ಎರಡನೆಯ ಪ್ರಶ್ನೆ: ಎಲ್ಲಿ?

ಕರ್ನಾಟಕದಲ್ಲಿ ಸರ್ಕಾರಿ ಅರಣ್ಯ ಪ್ರವಾಸದ ಮುಖ್ಯ ಕಥೆ ಶುರುವಾಗುವುದು 1980ರಲ್ಲಿ, ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನಿಂದ. ನೇಪಾಳದಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆಗೂಡಿ ಸರ್ಕಾರ ಕಬಿನಿ ದಂಡೆಯ ಕಾರಾಪುರದಲ್ಲಿ ಮೊದಲ ರೆಸಾರ್ಟ್ ತೆರೆಯಿತು. ಆಮೇಲೆ ಪಾಲುದಾರರು ಹೊರನಡೆದು ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಹುಲಿ, ಆನೆ ನೋಡಲು ಬರುವವರ ಹಣ ಖಾಸಗಿಯವರ ಜೇಬಿಗಷ್ಟೇ ಹೋಗುವುದೇಕೆ ಎಂಬ ಯೋಚನೆ ಆ ಕಾಲಕ್ಕೆ ಮುಂದುವರಿದದ್ದು. ದೇಶದ ಬೇರೆ ರಾಜ್ಯಗಳು ಇದನ್ನು ಮಾದರಿಯೆಂದು ನೋಡಿವೆ, ನೋಡತಕ್ಕದ್ದೇ. ಆದರೆ ಅಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸಾವಿರಾರು ರೂಪಾಯಿ. ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ದುಡಿಯುವವನಾಗಲಿ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳಾಗಲಿ ಆ ಗೇಟು ದಾಟುವುದಿಲ್ಲ. ಒಡೆತನ ಸಾರ್ವಜನಿಕವಾದ ಮಾತ್ರಕ್ಕೆ ಅನುಭವ ಸಾರ್ವಜನಿಕವಾಗುವುದಿಲ್ಲ. ಅವಳ ಪಾಲಿಗೆ ಬರುವುದು ಸಿಮೆಂಟಿನ ಹುಲಿಯಿರುವ ಟ್ರೀ ಪಾರ್ಕು.

ದುಡ್ಡಿರುವವರಿಂದ ದುಡಿದು ಇಲ್ಲದವರಿಗೆ ಖರ್ಚು ಮಾಡಿದರೆ ಇದನ್ನು ಒಪ್ಪಬಹುದಿತ್ತು. ನಡೆಯುವುದು ಬೇರೆ. ಆದಾಯವೇ ಗುರಿಯಾದಾಗ ಹೂಡಿಕೆ ಆದಾಯ ಹೆಚ್ಚಿರುವ ಕಡೆಗೇ ಓಡುತ್ತದೆ. ಕಾಡಿನ ಪ್ರವಾಸದಲ್ಲಿ ಆದಾಯ ಹೆಚ್ಚಿರುವುದು ಹುಲಿ ಇರುವಲ್ಲಿ. ಹುಲಿ ಇರುವಲ್ಲಿಯೇ ಜನ ಕಡಿಮೆ ಇರಬೇಕು. ಹೀಗಾಗಿ ಜೀಪು, ಬಸ್ಸು, ರೆಸಾರ್ಟು, ಹೋಂಸ್ಟೇ ಎಲ್ಲವೂ ಅತಿ ಸೂಕ್ಷ್ಮವಾದ ಜಾಗದ ಬಾಗಿಲಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಹುಲಿ ಸಂರಕ್ಷಿತ ಪ್ರದೇಶಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನೇ ಸುಪ್ರೀಂ ಕೋರ್ಟ್ 2012ರಲ್ಲಿ ಕೆಲಕಾಲ ತಡೆದಿತ್ತು. ಅದೇ ವರ್ಷ ಬಂದ ಮಾರ್ಗಸೂಚಿ ಒಳಪ್ರದೇಶದ ಗರಿಷ್ಠ ಶೇಕಡ 20ರಷ್ಟರಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಟ್ಟಿತು. ಮಿತಿ ಇದ್ದರೂ ಒತ್ತಡ ಇಳಿದಿಲ್ಲ. 2025ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಲು ಅರಣ್ಯ ಸಚಿವ ಈಶ್ವರ ಖಂಡ್ರೆ ಆದೇಶಿಸಿದರು. ಸಫಾರಿಗೆ ತೊಡಗಿಸಿದ್ದ ಸಿಬ್ಬಂದಿಯನ್ನು, ವಾಹನಗಳನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಬೇಕಾಯಿತು. ಹುಲಿ ಊರಿಗೆ ಬಂದದ್ದಕ್ಕೆ ಸಫಾರಿಯೇ ಕಾರಣವೋ ಅಲ್ಲವೋ ಎಂಬ ವಾದ ಇಲ್ಲಿ ಬೇಡ. ಪ್ರವಾಸಿಗರನ್ನು ಸುತ್ತಿಸಲು ಒಂದು ಜೊತೆ ಕೈ, ಊರು ಕಾಯಲು ಇನ್ನೊಂದು ಜೊತೆ ಕೈ ಇಲಾಖೆಯಲ್ಲಿಲ್ಲ. ಇರುವುದು ಒಂದೇ ಜೊತೆ ಎಂಬುದನ್ನು ಆ ಆದೇಶ ಬಯಲು ಮಾಡಿತು. ಇಷ್ಟು ವರ್ಷದ ಹೂಡಿಕೆಯಲ್ಲಿ ಮನುಷ್ಯರ ಪಾಲು ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹುಲಿಕಾಡಿನಲ್ಲಿ ಸಾರ್ವಜನಿಕ ಆಸ್ತಿ ಖಾಸಗಿಗೆ ಜಾರಿದ ಒಂದು ಹಳೆಯ ಪ್ರಕರಣವೂ ನೆನಪಿನಲ್ಲಿರಬೇಕು. 1990ರ ದಶಕದಲ್ಲಿ ನಾಗರಹೊಳೆಯ ಮುರ್ಕಲ್ ಎಂಬಲ್ಲಿ ರಾಷ್ಟ್ರೀಯ ಉದ್ಯಾನದೊಳಗಿನ ಜಾಗವನ್ನು ತಾಜ್ ಸಮೂಹದ ಹೋಟೆಲ್ ಸಂಸ್ಥೆಗೆ ಸರ್ಕಾರ ಗುತ್ತಿಗೆಗೆ ಕೊಟ್ಟಿತು. ನಿಮ್ಮಿಂದ ಕಾಡು ಹಾಳಾಗುತ್ತದೆ, ಹೊರಗೆ ಹೋಗಿ ಎಂದು ಯಾರಿಗೆ ಹೇಳಲಾಗುತ್ತಿತ್ತೋ ಆ ಜೇನುಕುರುಬರು ಮತ್ತು ಇತರ ಆದಿವಾಸಿಗಳು, ಐಷಾರಾಮಿ ಹೋಟೆಲಿನಿಂದ ಹಾಳಾಗುವುದಿಲ್ಲವೇ ಎಂದು ಕೇಳಿದರು. ಬೀದಿಯಲ್ಲೂ ಕೇಳಿದರು, ಕೋರ್ಟಿನಲ್ಲೂ ಕೇಳಿದರು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆಯನ್ನು ಕಾನೂನುಬಾಹಿರ ಎಂದಿತು. ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಇರಲಿಲ್ಲ ಎಂಬುದು ಮುಖ್ಯ ಕಾರಣ.

ಇದೇ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಸರ್ಕಾರಿ ಒಡೆತನದ ಮೃಗಾಲಯ, ಸಫಾರಿ ಮತ್ತು ನಿರ್ವಹಣಾ ಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮ ಸೌಕರ್ಯಗಳು ಇನ್ನುಮುಂದೆ ಅರಣ್ಯೇತರ ಬಳಕೆ ಅಲ್ಲ ಎಂದಾಯಿತು. ಮೃಗಾಲಯ, ಸಫಾರಿಗಳಿಗೆ ತನ್ನ ಒಪ್ಪಿಗೆ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಮುರ್ಕಲ್‌ನಲ್ಲಿ ಕಾಡನ್ನು ಕಾಪಾಡಿದ ಬೇಲಿಯ ಒಂದು ಮಗ್ಗುಲು ಸಡಿಲವಾಗಿದೆ ಎಂಬುದಂತೂ ನಿಜ. ಕಾನೂನು ತಡೆಯದಿದ್ದಾಗ ತಡೆಯಬೇಕಾದದ್ದು ಹಣದ ಷರತ್ತು. ಹಣ ಯಾವುದಕ್ಕೆ ಬಳಕೆಯಾಗಬೇಕು ಎಂಬುದರ ಚರ್ಚೆ ಹಾಗಾಗಿ ಲೆಕ್ಕಪರಿಶೋಧಕರ ತಲೆನೋವಷ್ಟೇ ಅಲ್ಲ.

ಇಲ್ಲಿ ವನ್ಯಜೀವಿ ಪ್ರೇಮಿಗಳಿಂದ ಒಂದು ಮಾತು ಬರುತ್ತದೆ. ಕಾಡು ಮೋಜಿಗಿರುವ ಜಾಗವಲ್ಲ. ಜನ ಬಂದಲ್ಲಿ ಪ್ಲಾಸ್ಟಿಕ್, ಗದ್ದಲ, ಬೆಂಕಿ. ಸರ್ಕಾರ ಹಣ ಹಾಕುವುದಾದರೆ ಬೇಲಿಗೆ ಹಾಕಲಿ ಎಂದು. ಬಂಡೀಪುರದ ಒಳಗಿನ ಬಗ್ಗೆ ಈ ಮಾತು ಹೇಳಿದರೆ ನನ್ನದೂ ಅದೇ ಮಾತು. ಎಲ್ಲ ಸರ್ಕಾರಿ ಕಾಡಿನ ಬಗ್ಗೆಯೂ ಹೇಳಿದರೆ ತುರಹಳ್ಳಿಯನ್ನು ತೋರಿಸುತ್ತೇನೆ. ಅಲ್ಲಿ ಕಾಡನ್ನು ಉಳಿಸಿದವರು ಮೋಜಿಗೆ ಬರುತ್ತಿದ್ದವರೇ. ಬೇಲಿ ಹಾಕಿ ಜನರನ್ನು ಹೊರಗಿಟ್ಟಿದ್ದರೆ ಆ ಕಾಡು ಯಾವ ದಿನ ಯಾರ ಲೇಔಟಾಗುತ್ತದೆ ಎಂದು ಕೇಳುವವರೇ ಇರುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2010ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಖರ್ಚು ಕಡಿತದ ಭರದಲ್ಲಿ ಅಲ್ಲಿನ ಸಾರ್ವಜನಿಕ ಕಾಡುಗಳನ್ನು, ಸುಮಾರು ಎರಡೂವರೆ ಲಕ್ಷ ಹೆಕ್ಟೇರನ್ನು, ಮಾರುವ ಅಥವಾ ಗುತ್ತಿಗೆಗೆ ಕೊಡುವ ಪ್ರಸ್ತಾವ ತಂದಿತು. ಐದು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಆ ಸರ್ಕಾರದ ಪಕ್ಷಕ್ಕೆ ಮತ ಹಾಕಿದ ಹಳ್ಳಿಗಾಡಿನವರೂ ಅದರಲ್ಲಿದ್ದರು. 2011ರ ಫೆಬ್ರವರಿಯಲ್ಲಿ ಸಚಿವೆ ಕ್ಯಾರೊಲಿನ್ ಸ್ಪೆಲ್ಮನ್ ಪ್ರಸ್ತಾವವನ್ನು ಹಿಂತೆಗೆದುಕೊಂಡರು. ಲಿವರ್‌ಪೂಲಿನ ಬಿಷಪ್ ಅಧ್ಯಕ್ಷತೆಯ ಸ್ವತಂತ್ರ ಸಮಿತಿ ಮರುವರ್ಷ ವರದಿ ಕೊಟ್ಟು, ಕಾಡು ಸಾರ್ವಜನಿಕರ ಒಡೆತನದಲ್ಲೇ ಇರಬೇಕು ಎಂದಿತು. ಆ ಐದು ಲಕ್ಷ ಜನ ಎಲ್ಲಿಂದ ಬಂದರು? ಭಾನುವಾರ ನಾಯಿ ಕರೆದುಕೊಂಡು ಆ ಕಾಡುಗಳಲ್ಲಿ ನಡೆದು, ಇದು ನಮ್ಮದು ಎಂದು ತಿಳಿದವರು ಅವರು. ಆ ಅಭ್ಯಾಸ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1919ರಲ್ಲಿ ಮರಮುಟ್ಟು ಬೆಳೆಸಲೆಂದೇ ಹುಟ್ಟಿದ ಅಲ್ಲಿನ ಅರಣ್ಯ ಆಯೋಗ, 1935ರಲ್ಲಿ ಸ್ಕಾಟ್ಲೆಂಡಿನ ಅರ್ಗೈಲ್‌ನಲ್ಲಿ ತನ್ನ ಜಮೀನನ್ನು ನಡೆಯುವವರಿಗೆ ತೆರೆದು ಮೊದಲ ಫಾರೆಸ್ಟ್ ಪಾರ್ಕ್ ಮಾಡಿತು. ನೆಡುತೋಪಿನ ಇಲಾಖೆ ಜನರ ಇಲಾಖೆಯಾಗಲು ತೆಗೆದುಕೊಂಡ ಮೊದಲ ಹೆಜ್ಜೆ ಅದು. ಆ ಹೆಜ್ಜೆ ನಮ್ಮ ಇಲಾಖೆಗೆ ಇನ್ನೂ ಬಾಕಿಯಿದೆ.

ಶಾಲೆಗೆ ಹೆಂಚಿಲ್ಲ, ಆಸ್ಪತ್ರೆಗೆ ಡಾಕ್ಟರಿಲ್ಲ, ಕಾಡಿನಲ್ಲಿ ತಿರುಗಾಡಲು ಸರ್ಕಾರದ ಹಣವೇ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಈ ಹಣ ಆಗಲೇ ಖರ್ಚಾಗುತ್ತಿದೆ ಎಂಬುದು ಸುಲಭದ ಉತ್ತರ. ಅದಕ್ಕಿಂತ ಮುಖ್ಯವಾದದ್ದು, ಈ ಸೌಕರ್ಯ ಸರ್ಕಾರದಿಂದ ಬರದಿದ್ದರೆ ಯಾರಿಗೆ ನಷ್ಟ ಎಂಬುದು. ಉಳ್ಳವನಿಗೆ ಸಕಲೇಶಪುರದ ಎಸ್ಟೇಟ್ ಇದೆ, ವಾರಾಂತ್ಯಕ್ಕೆ ರೆಸಾರ್ಟ್ ಇದೆ, ಕಾರಿದೆ. ಪೀಣ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇರುವ ಮನೆಯ ಮಕ್ಕಳಿಗೆ ಮರದ ಕೆಳಗೆ ಓಡಿ ಆಡುವ ಜಾಗ ಸರ್ಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಫಿನ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಆದರೂ ಉದ್ಯಾನಗಳಿಗೆ ಹಾಕಿದ ಒಂದು ಯೂರೋಗೆ ಸುತ್ತಲಿನ ಊರುಗಳ ಆರ್ಥಿಕತೆಗೆ ಸುಮಾರು ಹತ್ತು ಯೂರೋ ಬರುತ್ತದೆ ಎಂದು ಅಲ್ಲಿನ ಅರಣ್ಯ ಸಂಸ್ಥೆ ಮೆಟ್ಸಾಹಾಲ್ಲಿಟುಸ್ ಲೆಕ್ಕ ಹೇಳುತ್ತದೆ. ಐವತ್ತೈದು ಲಕ್ಷ ಜನರ ಶ್ರೀಮಂತ ದೇಶದ ಆ ಅಂಕಿಯನ್ನು ತಂದು ನಮ್ಮ ಬಜೆಟ್ಟಿಗೆ ಅಂಟಿಸುವುದು ಅರ್ಥವಿಲ್ಲದ್ದು. ಗೇಟಿನಲ್ಲಿ ಹರಿದ ಟಿಕೆಟ್ಟನ್ನಷ್ಟೇ ಲಾಭ ಎಂದು ಅವರು ಎಣಿಸಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಬೀದಿಬದಿಯ ಚಹಾ ಅಂಗಡಿ, ಬಸ್ಸು, ಮನೆಯೂಟ ಹಾಕುವ ಹೆಂಗಸು ಎಲ್ಲರೂ ಆ ಲೆಕ್ಕದೊಳಗೆ ಬರುತ್ತಾರೆ.

ಹಾಗಂತ ಎಷ್ಟು ಜನ ಬಂದರೂ ಒಳಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕುಮಾರ ಪರ್ವತ ತೋರಿಸಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಆ ಬೆಟ್ಟದ ದಾರಿಯಲ್ಲಿ ತಿರುಪತಿಯ ಸಾಲಿನಂತೆ ಜನ ನಿಂತಿದ್ದ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಚಾರಣಗಳನ್ನು ಇಲಾಖೆ ಕೂಡಲೇ ನಿಲ್ಲಿಸಿ, ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ತೆರೆದು, ಒಂದು ಚಾರಣಕ್ಕೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಇದು ಒಳ್ಳೆಯ ನಿರ್ಧಾರ, ಏಕೆಂದರೆ ಜನರನ್ನು ತಡೆಯಲು ಬೆಲೆ ಏರಿಸಲಿಲ್ಲ, ಸಂಖ್ಯೆ ಕಟ್ಟಿತು. ಬೆಲೆ ಏರಿಸಿದ್ದರೆ ಬೆಟ್ಟ ಹಣವಂತರದಾಗುತ್ತಿತ್ತು. ಸಂಖ್ಯೆ ಕಟ್ಟಿದರೆ ಬೇಗ ಹೆಸರು ಕೊಟ್ಟವರದಾಗುತ್ತದೆ. ಬೇಗ ಹೆಸರು ಕೊಡುವುದಕ್ಕೂ ಒಳ್ಳೆಯ ಫೋನು, ಆನ್‌ಲೈನ್ ಪಾವತಿಯ ಅಭ್ಯಾಸ ಬೇಕು ಎಂಬ ತೊಡಕಿದೆ. ಸುಳ್ಯ, ಸೋಮವಾರಪೇಟೆಯ ಹುಡುಗರು ತಮ್ಮದೇ ಬೆಟ್ಟ ಹತ್ತಲು ಬೆಂಗಳೂರಿನ ಹುಡುಗರ ಜೊತೆ ಮಧ್ಯರಾತ್ರಿ ಪೋಟಿಗೆ ಬೀಳುವಂತಾಗಬಾರದು. ಮುನ್ನೂರರಲ್ಲಿ ಒಂದಷ್ಟನ್ನು ಕೌಂಟರಿನಲ್ಲಿ, ಸುತ್ತಲಿನ ತಾಲ್ಲೂಕಿನವರಿಗೆಂದು ಇಟ್ಟರೆ ಆಗುವ ಕಷ್ಟವೇನೂ ಇಲ್ಲ.

ಆದರೆ ಮೂರು ದಿನ ರಜೆ ಸಿಕ್ಕರೆ ಎಲ್ಲರೂ ಕುಮಾರ ಪರ್ವತಕ್ಕೆ, ಮುಳ್ಳಯ್ಯನಗಿರಿಗೆ, ನಂದಿಬೆಟ್ಟಕ್ಕೇ ಏಕೆ ಓಡುತ್ತಾರೆ? ಹತ್ತಿರದಲ್ಲಿ ನಡೆಯಲು ಕಾಡಿಲ್ಲ. ಇದ್ದರೂ ಒಳಗೆ ಬಿಡುವುದಿಲ್ಲ. ಬಿಟ್ಟರೂ ಸುರಕ್ಷಿತ ಎನ್ನಿಸುವುದಿಲ್ಲ. ಮಿತಿ ಹಾಕುವುದು ಅರ್ಧ ಕೆಲಸ. ಆ ಮುನ್ನೂರ ಒಂದನೆಯವನು ಎಲ್ಲಿ ಹೋಗಬೇಕು ಎಂಬುದಕ್ಕೆ ಉತ್ತರ ಕೊಡುವುದು ಉಳಿದರ್ಧ. ಹೂಡಿಕೆ ಬೇಕಾದದ್ದು ಅಲ್ಲಿಗೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳಲ್ಲಿ ಸರ್ಕಾರಿ ಜಮೀನಿನ ಮೇಲೆ ನೀಲಗಿರಿ ತೋಪುಗಳಿವೆ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿದೆ. ಕಡಿದ ಮೇಲೆ ಆ ಜಾಗ ಏನಾಗಬೇಕು? ಅಲ್ಲಿ ಮತ್ತೆ ಕುರುಚಲು, ಬೇವು, ಹೊಂಗೆ, ಕಮರ ಬರಲು ಬಿಟ್ಟು, ನಾಲ್ಕು ಕಾಲುದಾರಿ ಇಟ್ಟುಕೊಂಡು, ಕಾಯಲು ಊರಿನವರಿಗೆ ಸಂಬಳ ಕೊಟ್ಟರೆ ಹದಿನೈದು ವರ್ಷದಲ್ಲಿ ಹತ್ತಿಪ್ಪತ್ತು ತುರಹಳ್ಳಿಗಳಾಗುತ್ತವೆ. ಚಿರತೆ ಬರುತ್ತದೆಯೇ? ಬರುತ್ತದೆ, ತುರಹಳ್ಳಿಗೂ ಬಂದಿದೆ. ಸಂಜೆ ಹೊತ್ತಿಗೆ ಮುಚ್ಚುವುದು, ಕಸ ಉಳಿಸದಿರುವುದು, ಬೀದಿನಾಯಿ ಹೆಚ್ಚದಂತೆ ನೋಡಿಕೊಳ್ಳುವುದು ಎಲ್ಲಕ್ಕೂ ಮತ್ತೆ ಬೇಕಾದದ್ದು ಮನುಷ್ಯರೇ.

ಮಲೆನಾಡಿನಲ್ಲಿ ಇದೇ ಪ್ರಶ್ನೆ ಇನ್ನೂ ತೀಕ್ಷ್ಣ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಪಲ್ಪ್ ಬೆಳೆಯಲು ಶಿವಮೊಗ್ಗ ಸುತ್ತಮುತ್ತ ಸಾವಿರಾರು ಹೆಕ್ಟೇರ್ ಕಾಡನ್ನು ಗುತ್ತಿಗೆಗೆ ಕೊಟ್ಟು ಅಕೇಶಿಯಾ, ನೀಲಗಿರಿ ಹಾಕಲಾಗಿತ್ತು. ಕಾರ್ಖಾನೆ ನಿಂತುಹೋಯಿತು. ಗುತ್ತಿಗೆ ಮುಗಿದ 2020ರಲ್ಲಿ ಸರ್ಕಾರ ಅದನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿತು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂದು ಊರೂರಿನಲ್ಲಿ ಜನ ಹೋರಾಟ ಮಾಡಿದರು. ಯಂತ್ರ ತಿರುಗದ ಕಾರ್ಖಾನೆಯ ಹೆಸರಿನಲ್ಲಿರುವ ಈ ತೋಪುಗಳಲ್ಲಿ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರಗಳಿಗೆ ಸಮೀಪವಿರುವ ಕೆಲವನ್ನು ಆರಿಸಿಕೊಂಡು ನಮ್ಮ ಅರ್ಗೈಲ್ ಮಾಡಬಹುದು. ಅಕೇಶಿಯಾ ಹಂತಹಂತವಾಗಿ ಕಡಿದರೆ ಬರುವ ಹಣವೇ ಮೊದಲ ಕೆಲವು ವರ್ಷದ ಕೂಲಿಗೆ ನೆರವಾಗುತ್ತದೆ. ಪಕ್ಕದಲ್ಲಿ ಕಾನು ಉಳಿದಿದ್ದರೆ ಬೀಜ ಹಕ್ಕಿಗಳೇ ತರುತ್ತವೆ.

ಒಂದು ತೊಡಕಿದೆ. ಮಲೆನಾಡಿನ ಹಳ್ಳಿಯವರಿಗೆ ಪಾರ್ಕು ಬೇಕಿಲ್ಲ. ಅವರಿಗೆ ಬೇಕಿರುವುದು ಸೊಪ್ಪು, ತರಗೆಲೆ, ಉರುವಲು, ದನಕ್ಕೆ ದಾರಿ. ಪೇಟೆಯವರ ಚಾರಣಕ್ಕಾಗಿ ತಮ್ಮ ಕಾಡಿಗೆ ಮತ್ತೊಂದು ಬೇಲಿ ಬಿತ್ತು ಎಂದು ಅವರಿಗನ್ನಿಸಿದರೆ ಯೋಜನೆ ಮೊದಲ ಬೇಸಗೆಯಲ್ಲೇ ಮುಗಿಯುತ್ತದೆ. ಹಾಗಾಗಿ ತರಗೆಲೆ ಗುಡಿಸುವ ಹಕ್ಕು ಮೊದಲು ಕಾಗದದ ಮೇಲೆ ಬರಬೇಕು, ಟಿಕೆಟ್ಟಿನ ದರ ಆಮೇಲೆ. ಬಂದ ಹಣ ಗ್ರಾಮ ಅರಣ್ಯ ಸಮಿತಿಯ ಖಾತೆಯಲ್ಲೇ ಉಳಿಯಬೇಕು. ಇಷ್ಟನ್ನೂ ಬರೆಯುವ ಸರ್ಕಾರಿ ಆದೇಶದಲ್ಲೇ, ಮೊದಲ ಮೂರು ವರ್ಷ ಆ ಕಾಡಿನೊಳಗೆ ಒಂದು ಚೀಲ ಸಿಮೆಂಟೂ ಹೋಗಕೂಡದು ಎಂಬ ಷರತ್ತೂ ಇರಲಿ. ಹೆಂಗಸರ ಶೌಚಾಲಯಕ್ಕೆ ಮಾತ್ರ ವಿನಾಯಿತಿ ಕೊಡಬಹುದು, ಅದನ್ನು ದಿನಾ ತೊಳೆಯುವವರ ಸಂಬಳ ಅದೇ ಆದೇಶದಲ್ಲಿ ಮಂಜೂರಾಗಿದ್ದರೆ.